ಅಲ್ಟ್ರಾಸಾನಿಕ್ ತೊಟ್ಟಿಗೆ ಯಾವ ದ್ರವ: ಸೋಪಿನ ಹನಿ, ಅಂಟುವಾಳ, ಅಮೋನಿಯಾ

ಮನೆಬಳಕೆಯ ಅಲ್ಟ್ರಾಸಾನಿಕ್ ಕ್ಲೀನರ್ (ತೊಟ್ಟಿಯ ದ್ರವವನ್ನು ಕಂಪಿಸಿ ಒಡವೆ, ಕನ್ನಡಕಗಳಂಥ ಸಣ್ಣ ವಸ್ತುಗಳ ಕೊಳೆ ಬಿಡಿಸುವ ಯಂತ್ರ) ಕೊಳ್ಳುವವರು ಅದರ ವಾಟ್, ತೊಟ್ಟಿಯ ಅಳತೆ, ಟೈಮರ್ ಇವುಗಳನ್ನು ವಿಚಾರಿಸುವಷ್ಟು ಆಸ್ಥೆಯಿಂದ ಅದರೊಳಗೆ ಏನನ್ನು ಸುರಿಯಬೇಕೆಂದು ವಿಚಾರಿಸುವುದಿಲ್ಲ. ನಾನು ಬಳಸುತ್ತಿರುವುದು ಸುಮಾರು 600 ಮಿಲಿಲೀಟರ್ ಹಿಡಿಯುವ, 40 ಕಿಲೋಹರ್ಟ್ಸ್‌ನ ಸಾಧಾರಣ ಯಂತ್ರ. ಅದರಲ್ಲಿ ಬರಿಯ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು, ಅಂಟುವಾಳದ ರಸ, ಆಭರಣಕ್ಕೆಂದೇ ಮಾರುವ ಅಮೋನಿಯಾ ಬೆರೆತ ದ್ರಾವಣ, ಸಿಟ್ರಿಕ್ ಆಮ್ಲ ಇವಿಷ್ಟನ್ನೂ ಹಾಕಿ ಹೋಲಿಸಿದ ಮೇಲೆ ಕಂಡುಕೊಂಡದ್ದೇನೆಂದರೆ, ಕೊಳೆಯನ್ನು ಕದಲಿಸುವುದು ಯಂತ್ರವಾದರೂ ಅದನ್ನು ಸಡಿಲಿಸಿ ಮತ್ತೆ ಅಂಟದಂತೆ ತಡೆಯುವ ಕೆಲಸ ದ್ರವದ್ದೇ ಆಗಿದೆ.

ತೊಟ್ಟಿಯ ತಳ ಸೆಕೆಂಡಿಗೆ 40,000 ಸಲ ಕಂಪಿಸುವಾಗ ದ್ರವದಲ್ಲಿ ಒತ್ತಡ ಏರಿಳಿಯುತ್ತದೆ. ಒತ್ತಡ ಇಳಿದಾಗ ಹುಟ್ಟುವ ಅತಿಸೂಕ್ಷ್ಮ ಗುಳ್ಳೆಗಳು ಒತ್ತಡ ಏರಿದೊಡನೆ ಕುಸಿದು, ಪಕ್ಕದಲ್ಲಿರುವ ಮೇಲ್ಮೈಗೆ ನೀರಿನ ಸಣ್ಣ ಚಿಮ್ಮುಗಳನ್ನು ಬಡಿಯುತ್ತವೆ. ನಲ್ಲಿಯಿಂದ ಆಗತಾನೇ ಹಿಡಿದ ನೀರಿನಲ್ಲಿ ಕರಗಿರುವ ಗಾಳಿ ಈ ಬಡಿತದ ಬಲವನ್ನು ತಗ್ಗಿಸುತ್ತದೆ. ಆದ್ದರಿಂದ ವಸ್ತುವನ್ನು ಇಳಿಸುವ ಮೊದಲು ಬೆಚ್ಚಗಿನ ನೀರನ್ನು ಹಾಕಿ ಯಂತ್ರವನ್ನು ಐದು ನಿಮಿಷ ಹಾಗೆಯೇ ಓಡಿಸಬೇಕು. ತೆಳುವಾದ ಅಲ್ಯೂಮಿನಿಯಂ ಫಾಯಿಲ್‌ನ ತುಂಡೊಂದನ್ನು ತಳಕ್ಕೆ ತಾಗದಂತೆ ಇಳಿಬಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ತಣ್ಣನೆಯ ಹೊಸ ನೀರಿನಲ್ಲಿ ಅಲ್ಲಲ್ಲಿ ಗುಳಿ ಬಿದ್ದ ಫಾಯಿಲ್, ಗಾಳಿ ಹೊರಟುಹೋದ ಬೆಚ್ಚಗಿನ ಸೋಪುನೀರಿನಲ್ಲಿ ಅಷ್ಟೇ ಹೊತ್ತಿಗೆ ಸೂಜಿಯಿಂದ ಚುಚ್ಚಿದಂತೆ ತೂತುತೂತಾಗುತ್ತದೆ.

ಬರಿಯ ನೀರು ಧೂಳು, ಮಣ್ಣು, ಒಣಗಿದ ಶಾಯಿಯಂಥ ನೀರಿಗೆ ಬಿಡುವ ಕೊಳೆಗೆ ಸಾಕು. ಫೌಂಟನ್ ಪೆನ್ನಿನ ನಿಬ್ಬಿಗೆ ನಾನು ಬೇರೇನನ್ನೂ ಬಳಸುವುದಿಲ್ಲ. ಆದರೆ ಮೈಯೆಣ್ಣೆ, ಅರಿಸಿನ, ಪೌಡರು ಕೂಡಿ ಗಟ್ಟಿಯಾದ ಸರದ ಕೊಂಡಿಗಳ ಮುಂದೆ ಅದು ಸೋಲುತ್ತದೆ. ಎಣ್ಣೆಯನ್ನು ನೀರು ಒದ್ದೆ ಮಾಡುವುದೇ ಇಲ್ಲ.

ಇಲ್ಲಿಂದ ಮುಂದೆ ನಿಜವಾದ ಪೈಪೋಟಿ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೂ ಅಂಟುವಾಳಕ್ಕೂ. ನಮ್ಮ ಮನೆಗಳಲ್ಲಿ ಚಿನ್ನವನ್ನು ಅಂಟುವಾಳದ ನೀರಿನಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ಉಜ್ಜುವ ರೂಢಿ ಹಳೆಯದು, ಮತ್ತು ಅದಕ್ಕೆ ಸರಿಯಾದ ಕಾರಣವೂ ಇದೆ: ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್ ಸಾಬೂನಿನಂತೆಯೇ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಎಣ್ಣೆಯನ್ನು ಬಿಡಿಸುತ್ತದೆ. ನಾಲ್ಕೈದು ಸಿಪ್ಪೆಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ ತೊಟ್ಟಿಗೆ ಹಾಕಿದಾಗ ಚಿನ್ನದ ಸರದ ಹೆಣಿಗೆಯಿಂದ ಬೂದುಬಣ್ಣದ ಎಳೆಗಳು ಹೊಗೆಯಂತೆ ಇಳಿದುಬರುವುದನ್ನು ನಾನು ಬಹಳ ಸಂತೋಷದಿಂದ ನೋಡಿದ್ದೇನೆ. ಹೊಳಪಿನಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ. ತೊಡಕಿರುವುದು ಬೇರೆ ಕಡೆ: ರಸ ಕಂದುಬಣ್ಣದ್ದಾದುದರಿಂದ ಕೊಳೆ ಎಷ್ಟು ಬಿಟ್ಟಿತೆಂದು ತಿಳಿಯುವುದು ಕಷ್ಟ, ಸೋಸುವಾಗ ಉಳಿದ ಸಣ್ಣ ತರಿ ಕೆತ್ತನೆಯ ಸಂದಿಯಲ್ಲಿ ಕೂರುತ್ತದೆ, ನೊರೆ ವಿಪರೀತವಾಗುತ್ತದೆ, ಮಾಡಿಟ್ಟರೆ ಬೇಗ ಹುಳಿತು ವಾಸನೆ ಬರುತ್ತದೆ.

ಲಿಕ್ವಿಡ್ಡಿನಲ್ಲಿ ಈ ಯಾವ ತೊಡಕೂ ಇಲ್ಲ. ಬಣ್ಣ ಮತ್ತು ಘಮಲು ಕಡಿಮೆ ಇರುವುದನ್ನು ಆರಿಸಿ, ಇಡೀ ತೊಟ್ಟಿಗೆ ಐದಾರು ಹನಿ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ನೊರೆ ಮಾತ್ರ ಹೆಚ್ಚುತ್ತದೆ. 50 ಡಿಗ್ರಿ ಸೆಲ್ಸಿಯಸ್ ಸುಮಾರಿನ ನೀರಿನಲ್ಲಿ ಅದು ಸರವನ್ನು ಅಂಟುವಾಳಕ್ಕಿಂತ ಬೇಗ ಶುಚಿ ಮಾಡಿತು, ಜಾಲಿಸುವಾಗಲೂ ಬೇಗ ಬಿಟ್ಟುಹೋಯಿತು. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುವುದರಿಂದ ಕೊನೆಯ ಜಾಲಿಕೆಗೆ ಫಿಲ್ಟರ್ ನೀರೇ ಒಳ್ಳೆಯದು. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಲಿಕ್ವಿಡ್ಡನ್ನು ಆರಿಸುತ್ತೇನೆ. ಅಂಟುವಾಳವನ್ನು ಕೈಯಿಂದ ತೊಳೆಯುವ ಒಡವೆಗಳಿಗೆ ಮೀಸಲಿಡುತ್ತೇನೆ.

ಕನ್ನಡಕಕ್ಕೂ ಅದೇ ಲಿಕ್ವಿಡ್ ಸರಿ, ಆದರೆ ನೀರು ಉಗುರುಬೆಚ್ಚಗಿರಲಿ, ಎರಡು ನಿಮಿಷ ಮೀರದಿರಲಿ. ಮೂಗಿನ ಪ್ಯಾಡಿನ ಸುತ್ತ ಕೂತ ಹಸಿರು ಜಿಡ್ಡು ಇದರಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ಹೋಗುವುದಿಲ್ಲ. ಗಾಜಿನ ಮೇಲಿನ ಕೋಟಿಂಗ್ ಈಗಾಗಲೇ ಬಿರುಕುಬಿಟ್ಟಿದ್ದರೆ ಯಂತ್ರ ಅದನ್ನು ಇನ್ನಷ್ಟು ಎಬ್ಬಿಸುತ್ತದೆ, ಅಂಥದ್ದನ್ನು ಹಾಕಬಾರದು. ತೆಗೆದ ಮೇಲೆ ಸ್ಕ್ರೂಗಳನ್ನು ಒಮ್ಮೆ ಬಿಗಿಮಾಡಿ.

ಅಮೋನಿಯಾ ಬೆರೆತ ದ್ರಾವಣ ಗಟ್ಟಿ ಜಿಡ್ಡನ್ನು ಇವೆರಡಕ್ಕಿಂತ ಚುರುಕಾಗಿ ಬಿಡಿಸುತ್ತದೆಂಬುದು ನಿಜ. ವಜ್ರದ ಉಂಗುರದ ಹಿಂಬದಿಯಲ್ಲಿ ಅದರ ಗೆಲುವು ಸ್ಪಷ್ಟ. ಆದರೂ ಕಿಟಕಿ ತೆರೆದಿಟ್ಟು ಬಳಸಬೇಕಾದ, ಹಿತ್ತಾಳೆ ಮತ್ತು ತಾಮ್ರವನ್ನು ಕೆಡಿಸುವ ಈ ದ್ರವವನ್ನು ವಾರದ ಬಳಕೆಗೆ ನಾನು ಹೇಳಲಾರೆ. ಬ್ಲೀಚ್ ಜೊತೆಗಂತೂ ಎಂದಿಗೂ ಸೇರಿಸಬಾರದು, ವಿಷದ ಗಾಳಿ ಹುಟ್ಟುತ್ತದೆ. ಬ್ಲೀಚ್ ಒಂದನ್ನೇ ಹಾಕಿದರೂ ಅದರ ಕ್ಲೋರಿನ್ ಅಂಶ ಸ್ಟೀಲ್ ತೊಟ್ಟಿಯನ್ನು ಕೊರೆಯುತ್ತದೆ. ಸ್ಪಿರಿಟ್, ಪೆಟ್ರೋಲ್, ಅಸಿಟೋನ್ ಇವು ಹೋಲಿಕೆಗೇ ಅನರ್ಹ: ಬಿಸಿಯಾಗುವ ವಿದ್ಯುತ್ ಯಂತ್ರದ ಮೇಲೆ ಅವುಗಳ ಆವಿ ಬೆಂಕಿಗೆ ಆಹ್ವಾನ.

ಹಿತ್ತಾಳೆಯ ಸಣ್ಣ ದೀಪ, ಗಂಟೆಗಳ ಕಪ್ಪು ಬೇರೆ ಜಾತಿಯದು. ಅದು ಲೋಹದ ಮೇಲೇ ಬೆಳೆದ ಪದರವಾದುದರಿಂದ ಸೋಪುನೀರು ಅದರ ಮೇಲಿನ ಎಣ್ಣೆಯನ್ನಷ್ಟೇ ಒಯ್ಯುತ್ತದೆ. ಪದರ ಹೋಗಲು ಹುಣಿಸೆಹಣ್ಣಿನಂಥ ಆಮ್ಲವೇ ಬೇಕು. ಹುಣಿಸೆಯ ನಾರು ತೊಟ್ಟಿಗೆ ಒಗ್ಗದ ಕಾರಣ ನಾನು ಸಿಟ್ರಿಕ್ ಆಮ್ಲವನ್ನು ಬಳಸುತ್ತೇನೆ, ಅದನ್ನೂ ನೇರವಾಗಿ ತೊಟ್ಟಿಗೆ ಹಾಕುವುದಿಲ್ಲ. ಗಾಜಿನ ಲೋಟದಲ್ಲಿ ಒಂದು ಚಮಚ ಪುಡಿ ಕರಗಿಸಿದ ನೀರು, ಅದರಲ್ಲಿ ದೀಪ. ಲೋಟವನ್ನು ಬುಟ್ಟಿಯಲ್ಲಿಟ್ಟು ಹೊರಗಿನ ನೀರು ಒಳಗಿನ ಮಟ್ಟಕ್ಕೆ ಬರುವಂತೆ ತುಂಬಿದರೆ ಕಂಪನ ಗಾಜನ್ನು ದಾಟಿ ಕೆಲಸ ಮಾಡುತ್ತದೆ, ತೊಟ್ಟಿಗೆ ಆಮ್ಲ ತಾಗುವುದಿಲ್ಲ. ಎರಡು ಮೂರು ನಿಮಿಷಕ್ಕೇ ತೆಗೆಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆ ತಾಮ್ರದ ಕೆಂಪಿಗೆ ತಿರುಗುತ್ತದೆ. ಅಡುಗೆಸೋಡಾ ನೀರಿನಲ್ಲಿ ಅದ್ದಿ, ಜಾಲಿಸಿ, ಕೂಡಲೇ ಒರೆಸಿ. ಬೆಳ್ಳಿಯ ಕಪ್ಪಿಗೆ ಈ ಯಂತ್ರವೇ ಬೇಡ: ಬಿಸಿನೀರು, ಅಡುಗೆಸೋಡಾ, ಅಲ್ಯೂಮಿನಿಯಂ ಫಾಯಿಲ್ ಸೇರಿದರೆ ಬೆಳ್ಳಿಗೆ ಅಂಟಿದ ಗಂಧಕ ತಾನಾಗಿ ಬಿಡುತ್ತದೆ.

ಮುತ್ತು, ಹವಳ, ಬಿರುಕಿಗೆ ಎಣ್ಣೆ ತುಂಬಿದ ಪಚ್ಚೆ, ಗಾಜು ತುಂಬಿದ ಕೆಂಪುಹರಳು ಇವಕ್ಕೆ ಹೊಂದುವ ದ್ರವ ಇಲ್ಲವೇ ಇಲ್ಲ, ಏಕೆಂದರೆ ಕೆಡಿಸುವುದು ಕಂಪನವೇ. ಹಿಂಬದಿ ಮುಚ್ಚಿ, ಅರಗು ತುಂಬಿ ಹರಳು ಕೂರಿಸಿದ ಹಳೆಯ ಬೆಂಡೋಲೆಯೂ ಅಷ್ಟೇ; ಒಳಗೆ ನೀರು ಹೊಕ್ಕರೆ ಹರಳಿನ ಕೆಳಗಿನ ತಗಡು ಮಂಕಾಗುತ್ತದೆ, ಬಿಸಿಗೆ ಅರಗು ಮೆತ್ತಗಾಗುತ್ತದೆ. ದಾರದಲ್ಲಿ ಪೋಣಿಸಿದ ಕರಿಮಣಿ ಸರವನ್ನು ಕೈಯಲ್ಲೇ ತೊಳೆಯಿರಿ. ಉಳಿದ ಹರಳಿನ ಒಡವೆಗಳನ್ನು ಹಾಕುವ ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸದ್ದು ಬಂದರೆ ಹರಳು ಸಡಿಲವಾಗಿದೆ, ಅಕ್ಕಸಾಲಿಗರ ಬಳಿ ಹೋಗಬೇಕು. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರನ್ನು ಟೀ ಸೋಸುವ ಜಾಲರಿಯ ಮೂಲಕವೇ ಚೆಲ್ಲಿ. ಉದುರಿದ ಹರಳೇನಾದರೂ ಇದ್ದರೆ ಅಲ್ಲಿ ಸಿಗುತ್ತದೆ.