ರಂಗನತಿಟ್ಟಿನ ದೋಣಿ ಸವಾರಿ: ಹುಟ್ಟು ಹಾಕುವವರನ್ನು ಮಾತಾಡಿಸಿ

ಮಾರ್ಚ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗಿದ್ದೆ. ಅಲ್ಲಿನ ಹಕ್ಕಿಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ದೋಣಿ ಸವಾರಿ ಬಗ್ಗೆ ಹೇಳಬೇಕು, ಅದಕ್ಕಿಂತ ಜಾಸ್ತಿ ದೋಣಿ ನಡೆಸುವವರ ಬಗ್ಗೆ. ಐದಕ್ಕೆ ಐದು ಕೊಡ್ತೀನಿ.

ಬಾಗಿಲು ತೆಗೆಯೋ ಹೊತ್ತಿಗೇ ಹೋಗಿದ್ದೆವು. ವಾರದ ನಡುವಿನ ದಿನ, ಹಾಗಾಗಿ ಕಾಯಬೇಕಾಗಲಿಲ್ಲ. ನಮ್ಮ ದೋಣಿಗೆ ಬಂದವರು ಐವತ್ತರ ಆಸುಪಾಸಿನ ಒಬ್ಬ ಅಣ್ಣ. ಜನ ಹತ್ತುವ ಮೊದಲು ತಳದಲ್ಲಿ ನಿಂತಿದ್ದ ನೀರನ್ನು ಡಬ್ಬದಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಅಮ್ಮನಿಗೆ ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳೋಕೆ ಬರಲಿಲ್ಲ. "ತಡೀರವ್ವ" ಅಂತ ತಾವೇ ಹಾಕಿ, ಗಟ್ಟಿ ಕೂತಿದೆಯಾ ಅಂತ ಒಂದು ಸಲ ಎಳೆದು ನೋಡಿದರು. ಅಮ್ಮನ ತವರು ಪಾಂಡವಪುರ ಅಂತ ಗೊತ್ತಾಗಿದ್ದೇ ತಡ, ಇಬ್ಬರಿಗೂ ಮಾತು ಶುರುವಾಯಿತು, ದಡ ಮುಟ್ಟುವ ತನಕ ನಿಲ್ಲಲಿಲ್ಲ.

ಮೊದಲ ತಿಟ್ಟಿನ, ಅಂದರೆ ಹೊಳೆ ನಡುವಿನ ಸಣ್ಣ ನಡುಗಡ್ಡೆಯ, ಹತ್ತಿರ ಹೋಗುತ್ತಲೇ ಅವರು ಹುಟ್ಟು ಎತ್ತಿ ತೊಡೆ ಮೇಲೆ ಇಟ್ಟುಕೊಂಡರು. ದೋಣಿ ತಾನಾಗೇ ತೇಲಿಕೊಂಡು ಮರದ ಕಡೆ ಹೋಯಿತು. ಹುಟ್ಟಿನ ತುದಿಯಿಂದ ತೊಟ್ಟಿಕ್ಕೋ ನೀರಿನ ಸದ್ದು ಬಿಟ್ಟರೆ ದೋಣಿಯಲ್ಲಿ ಬೇರೆ ಸದ್ದಿಲ್ಲ. ಎದುರಿಗೆ ಬಣ್ಣದ ಕೊಕ್ಕರೆಯ ಗೂಡು. ಒಳಗೆ ಮೂರು ಮರಿ, ಬೆಳಿಗ್ಗೆಯೇ ಬಿಸಿಲು ಜೋರಾಗಿತ್ತು. ತಾಯಿಯೋ ತಂದೆಯೋ, ಒಂದು ದೊಡ್ಡ ಹಕ್ಕಿ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ಕೊಡೆ ಹಿಡಿದ ಹಾಗೆ ನಿಂತಿತ್ತು. ಇನ್ನೊಂದು ಹಾರಿ ಬಂದು, ಗಂಟಲಲ್ಲಿ ತಂದ ನೀರನ್ನು ಕೊಕ್ಕಿನಿಂದ ಮರಿಗಳ ಮೇಲೆ ಸುರಿಯಿತು. ಮರಿಗಳು ಬಾಯಿ ಮೇಲೆ ಮಾಡಿ ಹನಿ ಹಿಡಿದವು. ಅಮ್ಮ ನನ್ನ ಕೈ ಹಿಡಿದುಕೊಂಡು "ನೋಡೇ, ಮಗೂಗೆ ಸ್ನಾನ ಮಾಡಿಸಿದ ಹಾಗೆ" ಅಂದರು. ಆ ಅಣ್ಣ ಅಲ್ಲಿ ಹುಟ್ಟು ನಿಲ್ಲಿಸದಿದ್ದರೆ ನಾವು ಇದನ್ನು ನೋಡುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ದೋಣಿಯಲ್ಲಿ ಯಾರೋ ಹಕ್ಕಿ ಹಾರಲಿ, ಫೋಟೋ ಚೆನ್ನಾಗಿ ಬರುತ್ತೆ ಅಂತ ಚಪ್ಪಾಳೆ ತಟ್ಟಿದರು. ನಮ್ಮ ಅಣ್ಣನ ಮುಖ ಬಾಡಿತು. "ಅವು ಎದ್ರೆ ಮರಿ ಬಿಸಿಲಿಗೆ ಬೀಳ್ತವೆ. ಕಾಗೆ, ಹದ್ದು ಇದಕ್ಕೇ ಕಾಯ್ತಿರ್ತವೆ. ನಾವು ಸುಮ್ಕಿದ್ರೆ ಅವೂ ಸುಮ್ಕಿರ್ತವೆ ಕಣವ್ವ" ಅಂದರು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಮಕ್ಕಳಿದ್ದರೆ ದೋಣಿ ಹತ್ತುವ ಮೊದಲೇ ಹೇಳಿಡಿ.

ಇವರ ಕೆಲಸ ಸವಾರಿಗೆ ಮುಗಿಯಲ್ಲ ಅಂತ ನನಗೆ ಗೊತ್ತಾಗಿದ್ದು ಅವರು ಮಾತಾಡುತ್ತಾ ಹೋದ ಹಾಗೆ. ನಸುಕಿಗೇ ಬಂದು ಹೊಳೆ ಎಷ್ಟು ಏರಿದೆ, ಎಷ್ಟು ಇಳಿದಿದೆ ನೋಡೋದು. ಯಾರಾದರೂ ಕದ್ದು ಮೀನಿಗೆ ಬಲೆ ಬಿಟ್ಟಿದ್ದಾರಾ ಅಂತ ಒಂದು ಸುತ್ತು. ಬಲೆ ಸಿಕ್ಕಿದರೆ ಎಳೆದು ಹಾಕಲೇಬೇಕು, ಯಾಕಂದರೆ ನೀರುಕಾಗೆ ಮುಳುಗಿ ಮೀನು ಹಿಡಿಯುವ ಹಕ್ಕಿ, ಬಲೆಯೊಳಗೆ ಸಿಕ್ಕಿಕೊಂಡರೆ ಮೇಲೆ ಬರೋಕಾಗದೆ ಸಾಯುತ್ತದೆ. ಹೊಳೆ ತಂದ ಪ್ಲಾಸ್ಟಿಕ್ ಆರಿಸೋದಂತೂ ಮುಗಿಯದ ಕೆಲಸ. ನಮ್ಮ ಜೊತೆ ಮಾತಾಡುತ್ತಲೇ ಹೊಳೆಮತ್ತಿ ಕೊಂಬೆಗೆ ಸುತ್ತಿಕೊಂಡಿದ್ದ ಒಂದು ಚೀಲವನ್ನು ಹುಟ್ಟಿನ ತುದಿಯಲ್ಲಿ ಬಿಡಿಸಿ ಎಳೆದು ಕಾಲಡಿ ಹಾಕಿಕೊಂಡರು. ಕಣ್ಣು ಮಾತ್ರ ಬಂಡೆ ಮೇಲಿದ್ದ ಮೊಸಳೆ ಕಡೆಯೇ ಇತ್ತು. ಅದು ಬಾಯಿ ತೆರೆದು ಮಲಗಿತ್ತು. ಸಿಟ್ಟಿಗಲ್ಲವಂತೆ, ಮೈ ಬಿಸಿ ಇಳಿಸಿಕೊಳ್ಳೋಕೆ.

ಮಳೆಗಾಲದ ಮಾತು ಬಂದಾಗ ಅಮ್ಮ ಸಹಜವಾಗಿ ಕೇಳಿದರು, "ಈ ಸಲ ಕಟ್ಟೆ ತುಂಬುತ್ತೇನಪ್ಪಾ?" ಮಂಡ್ಯ ಕಡೆಯವರಿಗೆ ಕನ್ನಂಬಾಡಿ, ಅಂದರೆ ಕೆಆರ್‌ಎಸ್ ಅಣೆಕಟ್ಟು, ತುಂಬಿತು ಅಂದರೆ ಹಬ್ಬ, ತುಂಬಿದ ಮಟ್ಟ 124.80 ಅಡಿ ಅನ್ನೋ ಲೆಕ್ಕ ಸಣ್ಣ ಮಕ್ಕಳಿಗೂ ಗೊತ್ತು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ತುಂಬ್ಲಿ ಕಣವ್ವ, ಗದ್ದೆಗೆ ಬೇಕಲ್ಲ. ಒಂದೇ ಸಲಕ್ಕೆ ಬಿಟ್ರೆ ನಮ್ ತಿಟ್ಟು ಮುಳುಗ್ತವೆ" ಅಂದರು. ರಂಗನತಿಟ್ಟು ಅಣೆಕಟ್ಟಿನ ಕೆಳಗೇ ಇದೆ. ಮೇಲಿಂದ ಜಾಸ್ತಿ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ, ತಿಟ್ಟಿನ ಅಂಚಿನ ಮಣ್ಣು ಕರಗುತ್ತದೆ. ನೆರೆ ಇಳಿದ ಮೇಲೆ ಮರಳು ಚೀಲ ತುಂಬಿ, ದೋಣಿಯಲ್ಲಿ ಸಾಗಿಸಿ, ಮರದ ಬೇರು ಬಯಲಾದ ಕಡೆ ಪೇರಿಸುತ್ತಾರೆ. ಒಂದು ತಿಟ್ಟಿನ ಸುತ್ತ ಹಳೇ ಚೀಲಗಳ ಸಾಲು ತೋರಿಸಿದರು. ಅದರ ಮೇಲೆ ಹುಲ್ಲು ಬೆಳೆದಿತ್ತು, ಹುಲ್ಲಿನಲ್ಲಿ ಒಂದು ಬೆಳ್ಳಕ್ಕಿ ಆರಾಮಾಗಿ ನಿಂತಿತ್ತು.

ಈ ತಿಟ್ಟುಗಳು ಆಗಿದ್ದೂ ಒಂದು ಕಟ್ಟೆಯಿಂದಲೇ, ಆದರೆ ಕನ್ನಂಬಾಡಿಯಲ್ಲ, ಅದಕ್ಕಿಂತ ಹಳೇದು. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ ಮೇಲೆ ಹೊಳೆ ನಡುವೆ ಎದ್ದು ನಿಂತವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಬಂದು ನೋಡಿ ಹೇಳಿದ ಮೇಲೆ ಮೈಸೂರು ಅರಸರು ಇದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಸೇರಿದ ಮೊದಲ ಜಾಗ ಇದೇ. ಇಷ್ಟು ಹೆಸರಿರುವ ಜಾಗವನ್ನು ದಿನಾ ಕಾಯುತ್ತಿರುವುದು ಡಬ್ಬದಲ್ಲಿ ನೀರು ಮೊಗೆಯುವ ಇಂಥ ಕೈಗಳು, ಅದು ನನ್ನ ಮನಸ್ಸಿಂದ ಹೋಗುತ್ತಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಶ್ರೀರಂಗಪಟ್ಟಣದಿಂದ ಆಟೋದಲ್ಲೇ ಹೋಗಬಹುದು, ಹತ್ತಿರ. ಭಾನುವಾರ ಬೇಡ, ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ, ಟೋಪಿ ಇರಲಿ. ಯಾರ ಹತ್ತಿರವಾದರೂ ದುರ್ಬೀನು ಇದ್ದರೆ ಇಸ್ಕೊಳ್ಳಿ. ಬಾಯ್ಕಳಕ ಕೊಕ್ಕರೆಯ ಮೇಲಿನ ಕೊಕ್ಕಿಗೂ ಕೆಳಗಿನ ಕೊಕ್ಕಿಗೂ ನಡುವಿನ ಸಂದು ಬರಿಗಣ್ಣಿಗೆ ಅಷ್ಟು ಚೆನ್ನಾಗಿ ಕಾಣಲ್ಲ. ಮಳೆಗಾಲದಲ್ಲಾದರೆ ದೋಣಿ ಬಿಡ್ತಿದ್ದಾರಾ ಅಂತ ಕೇಳಿಕೊಂಡೇ ಹೊರಡಿ, ಒಂದು ವರ್ಷ ನಾನು ಕೇಳದೆ ಹೋಗಿ ದಡದಿಂದಲೇ ನೋಡಿ ಬಂದಿದ್ದೆ. ಮುಖ್ಯವಾಗಿ, ಬೇಗ ಬೇಗ ನಡೆಸಿ ಅಂತ ಹುಟ್ಟು ಹಾಕುವವರಿಗೆ ಹೇಳಬೇಡಿ. ಅವರು ನಿಲ್ಲಿಸಿದ ಕಡೆ ಏನೋ ಇರುತ್ತದೆ.

ವಾಪಸ್ ಬರುವಾಗ ಒಂದು ಚಪ್ಪಟೆ ಬಂಡೆಯನ್ನು ಸುತ್ತು ಬಳಸಿ ಬಂದರು. ಯಾಕೆ ಅಂತ ಕೇಳಿದೆ. ಬಂಡೆ ಮೇಲೆ ನದಿ ರೀವ ಅನ್ನೋ ಹಕ್ಕಿ ಒಂದು ಕೂತಿತ್ತು, ಹಳದಿ ಕೊಕ್ಕು, ಕರಿ ತಲೆ. ಇದು ಗೂಡು ಕಟ್ಟಲ್ಲ, ಬರೀ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಹೊಳೆ ಒಂದಡಿ ಏರಿದರೂ ಹೋಯಿತು. "ಮೊಟ್ಟೆ ಮೇಲೆ ಕೂತದೆ" ಅಂತ ಅಣ್ಣ ಮೆಲ್ಲಗೆ ಹೇಳಿದರು. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಹೋಗ್ತೀನಿ. ಆ ಮೊಟ್ಟೆ ಒಡೆದು ಮರಿ ಬಂತಾ ಅಂತ ಅವರನ್ನೇ ಕೇಳಬೇಕು.