ಪೈಥಾನ್‌ನಲ್ಲಿ ಫೋರ್ಕ್, ಸ್ಪಾನ್, ಲೋಕಿ: ‘ಮೇನ್’ ಸಿಗದೆ ಒದ್ದಾಡಿದ ಮೇಲೆ ಮೂರನ್ನೂ ಓಡಿಸಿ ನೋಡಿದೆ

ಕನ್ನಡ ವಿಕಿಪೀಡಿಯದ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಲು ಒಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ತುಂಬಾ ಹೊತ್ತು ಹಿಡಿಯುತ್ತಿತ್ತು, ಕೆಲಸವನ್ನು ಒಟ್ಟಿಗೇ ಓಡುವ ಹಲವು ಪ್ರೋಸೆಸ್‌ಗಳಿಗೆ ಹಂಚುವ ಮಲ್ಟಿಪ್ರೋಸೆಸಿಂಗ್ ಪೂಲ್ ಹಾಕಿದೆ. ನನ್ನ ಲಿನಕ್ಸ್‌ನಲ್ಲಿ ಸಲೀಸಾಗಿ ಓಡಿತು. ಅದೇ ಫೈಲನ್ನು ತಮ್ಮನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ರನ್‌ಟೈಮ್ ಎರರ್‌ಗಳ ಸಾಲೇ ಬಂತು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ!

ಹೊಸ ಪ್ರೋಸೆಸ್ ಶುರು ಮಾಡುವ ವಿಧಾನ ಎರಡರಲ್ಲೂ ಬೇರೆ. ಲಿನಕ್ಸ್‌ನಲ್ಲಿ ಓಡಿದ್ದು ಫೋರ್ಕ್ ಎಂಬ ವಿಧಾನದಿಂದ. ಅದರಲ್ಲಿ ಚೈಲ್ಡ್ ಪ್ರೋಸೆಸ್ (ಹೊಸದಾಗಿ ಹುಟ್ಟುವ ಪ್ರೋಸೆಸ್) ಅಂದರೆ ಓಡುತ್ತಿರುವ ಪ್ರೋಸೆಸ್‌ನದೇ ನಕಲು. ಮೆಮೊರಿಯಲ್ಲಿದ್ದ ಫಂಕ್ಷನ್‌ಗಳೆಲ್ಲ ಜೊತೆಗೇ ಬರುತ್ತವೆ, ಮೇನ್ ಮಾಡ್ಯೂಲ್ (ನಾವು ನೇರವಾಗಿ ಓಡಿಸಿದ ಫೈಲ್) ಹುಡುಕುವ ಕೆಲಸವೇ ಇಲ್ಲ. ವೇಗವೂ ಜಾಸ್ತಿ. ಆದರೆ ಥ್ರೆಡ್‌ಗಳಿದ್ದರೆ (ಒಂದೇ ಪ್ರೋಸೆಸ್‌ನೊಳಗೆ ಜೊತೆಜೊತೆಗೆ ಓಡುವ ಕೆಲಸಗಳು) ಅಪಾಯ: ಬೇರೆ ಥ್ರೆಡ್ ಹಿಡಿದಿದ್ದ ಲಾಕ್ (ಒಂದು ಸಲಕ್ಕೆ ಒಬ್ಬರೇ ಬಳಸುವಂತೆ ಹಾಕುವ ತಡೆ) ಚೈಲ್ಡ್‌ನಲ್ಲಿ ಬಿಡುಗಡೆಯೇ ಆಗದೆ ಪ್ರೋಗ್ರಾಂ ನಿಂತುಬಿಡಬಹುದು. ಅದಕ್ಕೇ ಪೈಥಾನ್ 3.12 ಎಚ್ಚರಿಕೆ ಕೊಡುತ್ತದೆ, 3.14ರಲ್ಲಿ ಲಿನಕ್ಸ್‌ನ ಡೀಫಾಲ್ಟ್ ಫೋರ್ಕ್‌ಸರ್ವರ್ (ಬೇರೆಯಾಗಿ ಎಬ್ಬಿಸಿಟ್ಟ ಸರ್ವರ್ ಪ್ರೋಸೆಸ್‌ನಿಂದ ಚೈಲ್ಡ್‌ಗಳನ್ನು ಫೋರ್ಕ್ ಮಾಡುವ ವಿಧಾನ) ಆಯಿತು.

ವಿಂಡೋಸ್‌ನಲ್ಲಿ ಇರುವುದು ಸ್ಪಾನ್ ಒಂದೇ, ಮ್ಯಾಕ್‌ನಲ್ಲೂ 3.8ರಿಂದ ಡೀಫಾಲ್ಟ್ ಅದೇ. ಇಲ್ಲಿ ಹೊಸ ಇಂಟರ್‌ಪ್ರಿಟರ್ ಶುರುವಾಗಿ, ನಿಮ್ಮ ಫೈಲನ್ನು ‘ಎಂಪಿ ಮೇನ್’ (__mp_main__) ಎಂಬ ಬೇರೆ ಹೆಸರಲ್ಲಿ ಮತ್ತೆ ಇಂಪೋರ್ಟ್ ಮಾಡುತ್ತದೆ. ಪೂಲ್ ಮಾಡುವ ಸಾಲು ಹೊರಗೇ ಇದ್ದರೆ ಚೈಲ್ಡ್ ಕೂಡ ಪೂಲ್ ಮಾಡಲು ಹೊರಡುತ್ತದೆ, ಆಗ ಬರುವುದೇ ಆ ಎರರ್. ‘ಇಫ್ ನೇಮ್ ಈಕ್ವಲ್ಸ್ ಮೇನ್’ (if __name__ == "__main__":) ಒಳಗೆ ಹಾಕಿದರೆ, ಹೆಸರು ಬೇರೆ ಇರುವುದರಿಂದಲೇ, ಚೈಲ್ಡ್ ಆ ಸಾಲು ಮುಟ್ಟುವುದಿಲ್ಲ. ಇದನ್ನು ಸರಿ ಮಾಡಿದ ಮೇಲೂ ಮೆಮೊರಿ ಏರುತ್ತಲೇ ಇತ್ತು. ಫೈಲಿನ ಮೇಲ್ಭಾಗದಲ್ಲಿ ದೊಡ್ಡ ಪದಪಟ್ಟಿ ಲೋಡ್ ಮಾಡಿದ್ದೆ, 8 ಚೈಲ್ಡ್‌ಗಳೂ ಅದನ್ನು ಒಂದೊಂದು ಸಲ ಲೋಡ್ ಮಾಡುತ್ತಿದ್ದವು. ಅದು ಬೇಕಿದ್ದದ್ದು ಕೊನೆಯ ಲೆಕ್ಕಕ್ಕೆ ಮಾತ್ರ, ಅದನ್ನೂ ಇಫ್ ಒಳಗೆ ಸರಿಸಿದೆ.

ಫೋರ್ಕ್‌ಸರ್ವರ್‌ನಲ್ಲಿ ಥ್ರೆಡ್ ತಲೆನೋವು ಕಡಿಮೆ, ಆದರೆ ಮೇನ್ ವಿಷಯದಲ್ಲಿ ಅದೂ ಸ್ಪಾನ್ ಥರವೇ. ಇಫ್ ಬೇಕೇ ಬೇಕು.

ಕೋಡನ್ನು ಸೆಲ್ ಎಂಬ ತುಂಡುಗಳಲ್ಲಿ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಸ್ಪಾನ್ ನನ್ನನ್ನು ಇನ್ನೂ ಕಾಡಿತು. ಚೈಲ್ಡ್‌ಗೆ ಕೆಲಸ ಕಟ್ಟಿ ಕಳಿಸುವ ಪೈಥಾನ್‌ನ ಪಿಕಲ್ ಕಳಿಸುವುದು ಫಂಕ್ಷನ್‌ನ ಕೋಡ್ ಅಲ್ಲ, ಮಾಡ್ಯೂಲಿನ ಹೆಸರು ಮತ್ತು ಫಂಕ್ಷನ್ ಹೆಸರು ಅಷ್ಟೇ. ಸೆಲ್‌ನಲ್ಲಿ ಬರೆದ ಫಂಕ್ಷನ್ ಚೈಲ್ಡ್‌ನ ಮೇನ್‌ನಲ್ಲಿ ಎಲ್ಲಿಂದ ಬರಬೇಕು? ಎರರ್ ಟರ್ಮಿನಲ್‌ಗೆ ಹೋಗಿಬಿಡಬಹುದು, ಸೆಲ್ ಸುಮ್ನೆ ಓಡುತ್ತಿರುವ ಹಾಗೆ ಕಾಣುತ್ತದೆ. ನಾನಂತೂ ಅರ್ಧ ಗಂಟೆ ಕಾದೆ.

ಇಲ್ಲಿ ಗೆದ್ದದ್ದು ಜಾಬ್‌ಲಿಬ್ ಎಂಬ ಪೈಥಾನ್ ಲೈಬ್ರರಿ ಬಳಸುವ ಲೋಕಿ. ಅದು ಕ್ಲೌಡ್‌ಪಿಕಲ್ ಎಂಬ ಇನ್ನೊಂದು ಲೈಬ್ರರಿ ಮೂಲಕ ಫಂಕ್ಷನ್‌ನ ಕೋಡನ್ನೇ ಕಳಿಸುತ್ತದೆ, ಹಾಗಾಗಿ ಸೆಲ್‌ನಲ್ಲಿ ಬರೆದದ್ದೂ ಓಡುತ್ತದೆ, ಇಫ್ ಕೂಡ ಬೇಕಾಗಲಿಲ್ಲ. ಜಾಬ್‌ಲಿಬ್ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು, ಅಷ್ಟೇ.

ಈಗ ನೋಟ್‌ಬುಕ್ ಆದರೆ ಜಾಬ್‌ಲಿಬ್. ಸ್ಕ್ರಿಪ್ಟ್ ಆದರೆ ಲಿನಕ್ಸ್‌ನಲ್ಲೂ ಸ್ಪಾನ್ ಇಟ್ಟೇ ಮೊದಲು ಓಡಿಸುತ್ತೇನೆ. ಸ್ವಲ್ಪ ನಿಧಾನ, ಆದರೆ ತಪ್ಪು ನನ್ನ ಮುಂದೆಯೇ ಸಿಗುತ್ತದೆ ಅಲ್ವಾ.