ಸರ್ಕಾರಿ ಬಾಂಡ್: ಮೂರು ಕಡೆ ಕೊಂಡು ನೋಡಿದ ಮೇಲೆ

ಬ್ಯಾಂಕ್ ಠೇವಣಿಗೆ ವಿಮೆ ಇರುವುದು 5 ಲಕ್ಷ ರೂಪಾಯಿವರೆಗೆ ಮಾತ್ರ. ಸರ್ಕಾರಿ ಬಾಂಡಿಗೆ, ಅಂದರೆ ನಾವು ಸರ್ಕಾರಕ್ಕೆ ಕೊಡುವ ಸಾಲದ ಪತ್ರಕ್ಕೆ, ಅಂಥ ಮಿತಿ ಇಲ್ಲ. ಎಲ್ಲಿಂದ ಕೊಂಡರೂ ಸಾಲ ತೀರಿಸಬೇಕಾದ್ದು ಸರ್ಕಾರವೇ ಅಲ್ವಾ? ಹಾಗಾಗಿ ನಾನು ನೋಡಿದ್ದು ಒಂದೇ: ನಡುವೆ ದುಡ್ಡು ಬೇಕಾದರೆ ಏನು ಗತಿ?

ನನಗೆ ಜಾಸ್ತಿ ಹಿಡಿಸಿದ್ದು ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್, ನಮ್ಮಂಥವರು ನೇರವಾಗಿ ಸರ್ಕಾರಿ ಬಾಂಡ್ ಕೊಳ್ಳುವ ಆನ್‌ಲೈನ್ ವ್ಯವಸ್ಥೆ. 2021ರ ನವೆಂಬರಿನಲ್ಲಿ ಶುರುವಾಯಿತು, 2024ರಲ್ಲಿ ಆ್ಯಪ್ ಕೂಡ ಬಂತು. ಖಾತೆ ತೆರೆಯೋಕೂ ಇಟ್ಟುಕೊಳ್ಳೋಕೂ ಶುಲ್ಕ ಇಲ್ಲ. 10,000 ರೂಪಾಯಿಯಿಂದ ಕೊಳ್ಳಬಹುದು. ಸಾಮಾನ್ಯವಾಗಿ ಮಂಗಳವಾರ ರಾಜ್ಯಗಳ ಬಾಂಡ್ ಹರಾಜು (ನಮ್ಮ ಕರ್ನಾಟಕದ್ದೂ ಬರುತ್ತದೆ), ಬುಧವಾರ ಟ್ರೆಷರಿ ಬಿಲ್ (ಒಂದು ವರ್ಷದೊಳಗೆ ಮುಗಿಯುವ ಕೇಂದ್ರದ ಸಾಲಪತ್ರ), ಶುಕ್ರವಾರ ಕೇಂದ್ರದ ಬಾಂಡ್. ದರ ನಾವು ಹೇಳಬೇಕಿಲ್ಲ, ಎಷ್ಟು ಬೇಕು ಅಂತ ಹಾಕಿದರೆ ಸಾಕು. ದೊಡ್ಡ ಬ್ಯಾಂಕುಗಳು ಪೈಪೋಟಿಯಲ್ಲಿ ಕೂಗಿದ ದರದ ಸರಾಸರಿಯೇ ನಮಗೂ ಸಿಗುತ್ತದೆ.

ಟ್ರೆಷರಿ ಬಿಲ್ಲಿನಲ್ಲಿ ಬಡ್ಡಿ ಅಂತ ಬೇರೆ ಬರುವುದಿಲ್ಲ. 100 ರೂಪಾಯಿ ಮುಖಬೆಲೆಯ 364 ದಿನದ ಬಿಲ್ 94.50ಕ್ಕೆ ಸಿಕ್ಕಿತು ಅಂದುಕೊಳ್ಳಿ. 9,450 ಕೊಟ್ಟು ಅವಧಿ ಮುಗಿದಾಗ 10,000 ತೆಗೆದುಕೊಳ್ಳುತ್ತೀರಿ, ಅಷ್ಟೇ. ಮುಂದಿನ ವರ್ಷದ ಮಕ್ಕಳ ಫೀಸಿನ ದುಡ್ಡಿಗೆ ಹೇಳಿ ಮಾಡಿಸಿದ ಹಾಗಿದೆ.

ಉದ್ದ ಅವಧಿಯ ಬಾಂಡ್ ಬೇರೆ ಕಥೆ. ಶೇ. 7ರ ಹತ್ತು ವರ್ಷದ ಬಾಂಡನ್ನು 100ಕ್ಕೆ ಕೊಂಡಿರಿ, ಸ್ವಲ್ಪ ದಿನದಲ್ಲೇ ಮಾರುಕಟ್ಟೆ ದರ ಶೇ. 8ಕ್ಕೆ ಏರಿತು. ಹೊಸ ಬಾಂಡೇ 8 ಕೊಡುವಾಗ ನಿಮ್ಮ 7ರದ್ದಕ್ಕೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ, ಆಗ ಮಾರಲು ಹೋದರೆ ಸಿಗುವುದು ಸುಮಾರು 93. ಕೊನೆತನಕ ಇಟ್ಟುಕೊಂಡರೆ ಪೂರ್ತಿ 100 ಬರುತ್ತದೆ, ದರ ಇಳಿದರೆ ಲಾಭವೂ ಉಂಟು. ಆದರೆ "ಸೇಫ್" ಅಂತ ಕೇಳಿ ಬಂದವರಿಗೆ ಇದನ್ನು ಮೊದಲೇ ಹೇಳಬೇಕು. ಜೊತೆಗೆ, ಹಳೇ ರಾಜ್ಯ ಬಾಂಡನ್ನು ಸಣ್ಣ ಮೊತ್ತಕ್ಕೆ ಕೊಳ್ಳುವವರು ಬೇಗ ಸಿಗುವುದಿಲ್ಲ.

ಎರಡನೆಯದು ಷೇರು ಬ್ರೋಕರ್ ಮೂಲಕ. ಹರಾಜು ಅದೇ, ಬಾಂಡ್ ಮಾತ್ರ ಷೇರು ಇಡುವ ಡಿಮ್ಯಾಟ್ ಖಾತೆಗೆ ಬರುತ್ತದೆ. ಈಗಾಗಲೇ ಷೇರು ಇದ್ದವರಿಗೆ ಎಲ್ಲವೂ ಒಂದೇ ಕಡೆ ಕಾಣುತ್ತದೆ. ಬ್ರೋಕರ್ ಶುಲ್ಕ ಮತ್ತು ಡಿಮ್ಯಾಟ್ ಖರ್ಚು ಕೇಳಿಕೊಳ್ಳಿ. ಟ್ರೇಡಿಂಗ್ ಮಾಡದ ನನಗೆ ಇದರಿಂದ ಹೆಚ್ಚಿನದೇನೂ ಸಿಗಲಿಲ್ಲ.

ಮೂರನೆಯದು ಅಮ್ಮನ ಹೆಸರಲ್ಲಿ ಬ್ಯಾಂಕಿನಲ್ಲಿ ಕೊಂಡ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್. 1,000 ರೂಪಾಯಿಯಿಂದ ಶುರು, ಗರಿಷ್ಠ ಮಿತಿ ಇಲ್ಲ. ಅಂಚೆ ಕಚೇರಿಯ ಎನ್‌ಎಸ್‌ಸಿ (ರಾಷ್ಟ್ರೀಯ ಉಳಿತಾಯ ಪತ್ರ) ದರಕ್ಕಿಂತ ಶೇ. 0.35 ಜಾಸ್ತಿ ಬಡ್ಡಿ, ಎನ್‌ಎಸ್‌ಸಿ 7.7 ಇದ್ದರೆ ಇದು 8.05. ದರ ಆರು ತಿಂಗಳಿಗೊಮ್ಮೆ ಬದಲಾಗಬಹುದು. ಜನವರಿ 1, ಜುಲೈ 1ಕ್ಕೆ ಬಡ್ಡಿ ಖಾತೆಗೆ ಬೀಳುತ್ತದೆ. ಹರಾಜು, ಬೆಲೆ, ಏರಿಳಿತ ಯಾವ ತಲೆನೋವೂ ಇಲ್ಲ. ಅಮ್ಮನಿಗೆ ಇದೇ ಇಷ್ಟ.

ಆದರೆ ಏಳು ವರ್ಷ ದುಡ್ಡು ಒಳಗೇ. ಮಾರುವ ಹಾಗಿಲ್ಲ, ಅಡ ಇಟ್ಟು ಸಾಲ ತೆಗೆಯುವ ಹಾಗೂ ಇಲ್ಲ. 60 ದಾಟಿದವರಿಗೆ ಆರು ವರ್ಷ, 70 ದಾಟಿದವರಿಗೆ ಐದು, 80 ದಾಟಿದವರಿಗೆ ನಾಲ್ಕು ವರ್ಷ ಕಳೆದ ಮೇಲೆ ಬಿಡುತ್ತಾರೆ, ಅದೂ ಕೊನೆಯ ಆರು ತಿಂಗಳ ಬಡ್ಡಿಯಲ್ಲಿ ಅರ್ಧ ಹಿಡಿದುಕೊಂಡು. ಹಾಗಾಗಿ ಆಸ್ಪತ್ರೆ ಖರ್ಚಿಗೆ ಅಂತ ಇಟ್ಟ ಹಣವನ್ನು ನಾವು ಇದಕ್ಕೆ ಹಾಕಲಿಲ್ಲ.

ತೆರಿಗೆ ಮೂರಕ್ಕೂ ಇದೆ, ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ಸೇವಿಂಗ್ಸ್ ಬಾಂಡಿನ ಬಡ್ಡಿ ವರ್ಷಕ್ಕೆ 10,000 ದಾಟಿದರೆ ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ) ಹಿಡಿದೇ ಕೊಡುತ್ತಾರೆ. ಹರಾಜಿನಲ್ಲಿ ಕೊಂಡ ಬಾಂಡಿನ ಬಡ್ಡಿ ಸಾಮಾನ್ಯವಾಗಿ ಪೂರ್ತಿ ಬರುತ್ತದೆ, ರಿಟರ್ನ್ಸ್‌ನಲ್ಲಿ ನೀವೇ ತೋರಿಸಬೇಕು.